ಠಾಣೆಯಲ್ಲಿ ಕೋವಿ, ಭಾಷಣದಲ್ಲಿ ಕತ್ತಿ

2024ರ ಏಪ್ರಿಲ್ ತಿಂಗಳು. ಲೋಕಸಭಾ ಚುನಾವಣೆಯ ಕಾವು ಒಂದು ಕಡೆ, ಚಿತ್ರದುರ್ಗದ ಬಿಸಿಲು ಇನ್ನೊಂದು ಕಡೆ. ಕ್ಯಾಮೆರಾ ತಂಡದ ಜೊತೆ ಹಿರಿಯೂರು ದಾಟಿ ಮಾರಿಕಣಿವೆಗೆ ಹೋಗಿದ್ದೆ. ಕಣಿವೆ ಮಾರಮ್ಮನ ಗುಡಿ ಹತ್ತಿರ ಒಂದಿಷ್ಟು ಜನರನ್ನು ಕೂರಿಸಿಕೊಂಡು ಮಾತಾಡಿಸಿದೆವು. ಎಲ್ಲರದೂ ನೀರಿನ ಮಾತೇ. 1907ರಲ್ಲಿ ಕಟ್ಟಿ ಮುಗಿಸಿದ, 30 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರ ಬಜೆಟ್‌ನಲ್ಲಿ ಹೇಳಿದ 5300 ಕೋಟಿ ಎಲ್ಲಿ ಅಂತ ಒಬ್ಬರು ಕೇಳಿದರೆ, ಕಾಲುವೆ ಎಲ್ಲಿ ಅಂತ ಇನ್ನೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಗಳೇ.

ಕಾರ್ಯಕ್ರಮ ಮುಗಿಸಿ ವೈರು ಸುತ್ತುತ್ತಿದ್ದಾಗ ಒಬ್ಬ ಯಜಮಾನರು ಹತ್ತಿರ ಬಂದರು. ಎಪ್ಪತ್ತರ ಆಸುಪಾಸಿನ ವಯಸ್ಸು. "ಸಾರ್, ನೀವು ಟಿವಿಯೋರು ಎಲ್ಲಾ ಕೇಳ್ತೀರಿ. ನಮ್ ಕೋವಿ ಯಾವಾಗ ವಾಪಸ್ ಕೊಡ್ತಾರೆ ಅಂತ ಈ ಕ್ಯಾಂಡಿಡೇಟುಗಳನ್ನ ಒಂದ್ ಮಾತು ಕೇಳ್ತೀರಾ?"

ನನಗೆ ಅರ್ಥ ಆಗಲಿಲ್ಲ. ಯಾವ ಕೋವಿ ಯಜಮಾನರೆ ಅಂದೆ.

ಅವರಪ್ಪನ ಕಾಲದ ಒಂಟಿ ನಳಿಗೆ ಬಂದೂಕಂತೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಪ್ರತಿ ಚುನಾವಣೆಗೂ ಠಾಣೆಯಿಂದ ಕರೆ ಬರುತ್ತದೆ, ತಗೊಂಡು ಹೋಗಿ ಕೊಟ್ಟು ರಸೀದಿ ಇಸ್ಕೊಂಡು ಬರುತ್ತಾರೆ. ಹಿಂದಿನ ವರ್ಷ ವಿಧಾನಸಭೆ ಚುನಾವಣೆಗೂ ಕೊಟ್ಟಿದ್ದರು, ಈ ವರ್ಷ ಲೋಕಸಭೆಗೂ ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಗುಡ್ಡ ಒಣಗಿದಾಗ ಕಾಡುಹಂದಿ ನೀರಿರುವ ತೋಟಕ್ಕೇ ನುಗ್ಗೋದು. ಕೊಲ್ಲೋದಕ್ಕಲ್ಲ, ಆಕಾಶಕ್ಕೆ ಒಂದು ಈಡು ಹಾರಿಸಿದರೆ ಓಡುತ್ತವೆ. ಈಗ ತಗಡು ಬಡಿಯುತ್ತಾ ರಾತ್ರಿ ಕಳೆಯುತ್ತಿದ್ದರು. "ಎಲೆಕ್ಷನ್ ಬಂದೈತೆ ಅಂತ ಹಂದಿಗೆ ಯಾರು ಹೇಳ್ಯಾರು ಸಾರ್?" ಅಂದರು. ನಮ್ಮ ಕ್ಯಾಮೆರಾ ಹುಡುಗರು ನಕ್ಕರು. ಅವರು ನಗಲಿಲ್ಲ.

ಆ ವಾರ ಸಿಕ್ಕಿದ ಇಬ್ಬರು ರಾಜಕಾರಣಿಗಳನ್ನು ಕೇಳಿಯೇಬಿಟ್ಟೆ. ಲೋಕಸಭೆಗೆ ಓಡಾಡುತ್ತಿದ್ದವರು, "ಅದು ಡಿಸಿ ನೋಡ್ಕೊಳ್ಳೋ ವಿಷಯ" ಅಂದರು. ವಿಧಾನಸಭೆಯ ಕಡೆಯವರು, "ಅದು ದೆಹಲಿ ಕಾನೂನು" ಅಂದರು. ಮಜಾ ಏನು ಗೊತ್ತಾ? ಇಬ್ಬರೂ ಹೇಳಿದ್ದು ನಿಜ! ಸಂವಿಧಾನದ ಏಳನೇ ಅನುಸೂಚಿಯಲ್ಲಿ ಶಸ್ತ್ರಾಸ್ತ್ರ ಕೇಂದ್ರ ಪಟ್ಟಿಗೆ ಸೇರಿದ ವಿಷಯ, ಕಾನೂನು ಮಾಡೋದು ಸಂಸತ್ತು. ಆದರೆ ಲೈಸೆನ್ಸ್‌ಗೆ ಸಹಿ ಹಾಕೋದು ಜಿಲ್ಲಾಧಿಕಾರಿ, ವರದಿ ಕೊಡೋದು ಪೊಲೀಸರು. ಅಂದರೆ ಕಾನೂನು ದೆಹಲಿಯದು, ಪೆನ್ನು ದುರ್ಗದ್ದು. ನಡುವೆ ಸಿಕ್ಕಿಕೊಂಡವರು ಯಜಮಾನರು.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ರಾಜ್ಯ ಮಟ್ಟದ ಚುನಾವಣೆಗೆ ನಿಂತವರೂ ಬಂದೂಕಿನ ಬಗ್ಗೆ ತಮ್ಮ ನಿಲುವು ಹೇಳಲೇಬೇಕು. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿ ಅಲ್ಲಿ ಆಯುಧವನ್ನು ಹಕ್ಕು ಮಾಡಿಟ್ಟಿದೆ. ಆ ಹಕ್ಕಿನ ಬೆಲೆಯನ್ನು ಅಲ್ಲಿನ ಶಾಲೆ ಮಕ್ಕಳು ತೆರುತ್ತಿರುವುದನ್ನು ನಾನೇ ಎಷ್ಟೋ ಸಲ ಸುದ್ದಿಯಾಗಿ ಓದಿದ್ದೇನೆ. ನಮಗೆ ಅಂಥ ಹಕ್ಕು ಬೇಕು ಅಂತ ನಾನು ಹೇಳ್ತಾ ಇಲ್ಲ. ಆದರೆ ನಮ್ಮಲ್ಲಿ ಈ ಪ್ರಶ್ನೆ ಹುಟ್ಟೇ ಇರಲಿಲ್ಲ ಅಂದುಕೊಂಡರೆ ತಪ್ಪು. ಹುಟ್ಟಿತ್ತು. ಕನ್ನಡ ನೆಲದಲ್ಲೇ ಹುಟ್ಟಿತ್ತು. ಅದಕ್ಕಾಗಿ ನೇಣಿಗೇರಿದವರೂ ಇದ್ದಾರೆ.

1857. ಉತ್ತರದಲ್ಲಿ ಸಿಪಾಯಿಗಳು ಎದ್ದ ವರ್ಷ. ಹೆದರಿದ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವ ಹಾಗಿಲ್ಲ ಅಂತ. ಇವತ್ತಿನ ಬಾಗಲಕೋಟೆ ಜಿಲ್ಲೆಯ ಹಲಗಲಿ ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ ಹಳ್ಳಿ. ಅಲ್ಲಿನ ಬೇಡರಿಗೆ ಆಯುಧ ಅಂದರೆ ಅನ್ನವೂ ಹೌದು, ಮಾನವೂ ಹೌದು. ಕೊಡೋದಿಲ್ಲ ಅಂದರು. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಹಳ್ಳಿಗೆ ನುಗ್ಗಿತು, ಬೆಂಕಿ ಇಟ್ಟಿತು. ಹತ್ತೊಂಬತ್ತು ಜನರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಆ ಕಥೆ ಇವತ್ತಿಗೂ ಉಳಿದಿರುವುದಕ್ಕೆ ಲಾವಣಿಕಾರರು ಕಾರಣ. ಆ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ. ಎಂಥ ವಿಚಿತ್ರ ನೋಡಿ. ಕೊಂದದ್ದು ಅವರ ಸರ್ಕಾರ, ಹಾಡು ಉಳಿಸಿದ್ದು ಅವರದೇ ನೌಕರ.

ನಾಲ್ಕೇ ವರ್ಷದ ನಂತರ, 1861ರಲ್ಲಿ, ಇನ್ನೊಂದು ಆದೇಶ ಬಂತು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಅದೇ ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್, ಕೊಡವರಿಗೆ ಈ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸರ್ಕಾರಕ್ಕೆ ನಿಷ್ಠೆ ತೋರಿಸಿದ್ದಾರೆ ಅನ್ನೋದು ಕಾರಣ. ಹಲಗಲಿಯಲ್ಲಿ ಕೊಡೋದಿಲ್ಲ ಅಂದವರಿಗೆ ನೇಣು, ಕೊಡಗಿನಲ್ಲಿ ನಿಷ್ಠರಿಗೆ ವಿನಾಯಿತಿ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಈಗಲೂ ಲೈಸೆನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜನ ಅವರು. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳೋದು ಇಷ್ಟೆ. ಕೋವಿ ಅನ್ನೋದು ಅವತ್ತೇ ಹಕ್ಕಾಗಿ ಬರಲಿಲ್ಲ, ಕೃಪೆಯಾಗಿ ಬಂತು. ಕೊಡುವವರ ಮರ್ಜಿ.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲಕ್ಕೆ ಆಯುಧ ಕಾಯ್ದೆ ಇನ್ನೂ ಬಿಗಿಯಾಯಿತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಇದು ಬರೀ ಬಂದೂಕಿನ ವಿಷಯವಲ್ಲ, ಅವಮಾನದ ವಿಷಯ ಅಂತ ನಮ್ಮವರಿಗೆ ಅನ್ನಿಸಿತು. 1887ರಲ್ಲೇ ಮದರಾಸಿನ ಕಾಂಗ್ರೆಸ್ ಅಧಿವೇಶನ ಈ ಕಾಯ್ದೆಯ ವಿರುದ್ಧ ದನಿ ಎತ್ತಿತು. ನಿಯಮಗಳಿಗೆ ಒಳಪಟ್ಟು ಪ್ರತಿ ಪ್ರಜೆಗೂ ಆಯುಧ ಇಟ್ಟುಕೊಳ್ಳುವ ಹಕ್ಕಿರಬೇಕು ಅಂತ 1928ರ ನೆಹರೂ ವರದಿ ಹೇಳಿತು, 1931ರ ಕರಾಚಿ ನಿರ್ಣಯವೂ ಹೇಳಿತು. ನಂಬ್ತೀರಾ? ಅಹಿಂಸೆಯ ಪಕ್ಷ, ಗಾಂಧಿಯವರ ಪಕ್ಷ, ಬಂದೂಕಿನ ಹಕ್ಕು ಕೇಳಿತ್ತು!

ಸ್ವಾತಂತ್ರ್ಯ ಬಂತು, ಸಂವಿಧಾನ ಸಭೆ ಕೂತಿತು. ದುರ್ಗದಲ್ಲಿ ವಕೀಲಿ ಮಾಡುತ್ತಿದ್ದ, ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಆ ಸಭೆಯಲ್ಲಿ ಸದಸ್ಯರಾಗಿದ್ದರು. 1948ರ ಡಿಸೆಂಬರ್ ಮೊದಲ ವಾರ ಮೂಲಭೂತ ಹಕ್ಕುಗಳ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ, ಐಸಿಎಸ್ ಕೆಲಸ ಬಿಟ್ಟು ಹೋರಾಟಕ್ಕೆ ಬಂದಿದ್ದ ಎಚ್.ವಿ. ಕಾಮತ್ ಎದ್ದು ನಿಂತು, ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿ ಅಂತ ತಿದ್ದುಪಡಿ ಮಂಡಿಸಿದರು. ಕರಾಚಿಯಲ್ಲಿ ನಾವೇ ಕೇಳಿದ್ದಲ್ಲವೇ ಅಂತ ನೆನಪಿಸಿದರು. ಉತ್ತರ ಕೊಟ್ಟವರು ಅಂಬೇಡ್ಕರ್. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡು ತರಬಹುದು ಅಂತಾದರೆ ರಾಜ್ಯ ಆಡಳಿತ ನಡೆಸೋದು ಹೇಗೆ ಅನ್ನೋದು ಅವರ ವಾದದ ಸಾರ. ಕಾಮತರ ತಿದ್ದುಪಡಿ ಬಿದ್ದುಹೋಯಿತು. 19ನೇ ವಿಧಿಯಲ್ಲಿ ಸಭೆ ಸೇರುವ ಹಕ್ಕು ಬಂತು, ಆದರೆ ಶಾಂತಿಯುತವಾಗಿ ಮತ್ತು ಆಯುಧ ಇಲ್ಲದೆ ಅನ್ನೋ ಷರತ್ತಿನ ಜೊತೆ.

ನನ್ನನ್ನು ಕೇಳಿದರೆ ಅಂಬೇಡ್ಕರ್ ಸರಿ. ಹಕ್ಕು ಅಂತ ಬರೆದಿದ್ದರೆ ಮೊದಲು ಕೋವಿ ಕೊಳ್ಳುತ್ತಿದ್ದವರು ಯಾರು? ಊರಿನ ಜಮೀನ್ದಾರ. ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವರು ಯಾರು? ಹೇಳಬೇಕಾಗಿಲ್ಲ.

ಮಾರಿಕಣಿವೆಯಿಂದ ವಾಪಸ್ ಬರುವಾಗ ಇದನ್ನು ನನಗೆ ತಿಳಿಸಿಕೊಟ್ಟವಳು ಒಬ್ಬ ಕೂಲಿ ಹೆಣ್ಣುಮಗಳು. ಹೊಸದುರ್ಗದ ಕಡೆ ಒಂದು ಹಳ್ಳಿಯಲ್ಲಿ ಚಹಾ ಕುಡಿಯಲು ನಿಂತಿದ್ದೆವು. ಯಜಮಾನರ ಕೋವಿ ವಿಷಯ ತೆಗೆದೆ. "ಅಣ್ಣಾ, ಅವರ ಕೋವಿ ಠಾಣೆನಾಗೆ ಇದ್ರೇನೇ ನಮ್ ಕಾಲೋನಿಯೋರಿಗೆ ನಿರಾಳ" ಅಂದಳು. ಊರಿನಲ್ಲಿ ಯಾರೂ ಯಾರಿಗೂ ಗುಂಡು ಹೊಡೆದಿರಲಿಲ್ಲವಂತೆ. "ಹೊಡೀಬೇಕಾ ಅಣ್ಣಾ? ಗೋಡೆಗೆ ನೇತಾಕಿದ್ರೆ ಸಾಲದಾ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಜಮಾನರದೂ ಸುಳ್ಳಲ್ಲ, ಇವಳದೂ ಸುಳ್ಳಲ್ಲ. ಹಾಗಾದರೆ ನ್ಯಾಯ ಎಲ್ಲಿದೆ?

ನ್ಯಾಯ ಪುಸ್ತಕದಲ್ಲೇ ಇದೆ ಸ್ವಾಮಿ! 2009ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದನ್ನು ಚುನಾವಣಾ ಆಯೋಗ ದೇಶಕ್ಕೆಲ್ಲ ಅನ್ವಯಿಸಿತು. ಚುನಾವಣೆ ಬಂತು ಅಂತ ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಜಮಾ ಮಾಡಿಸಿಕೊಳ್ಳುವ ಹಾಗಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಕೂತು ಒಬ್ಬೊಬ್ಬರದೇ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರನ್ನು ಗುರುತಿಸಿ ಅವರಿಂದ ಜಮಾ ಮಾಡಿಸಿಕೊಳ್ಳಬೇಕು. ಕೂಲಿ ಹೆಣ್ಣುಮಗಳ ಹೆದರಿಕೆಗೂ ಇದರಲ್ಲಿ ಜಾಗ ಇದೆ, ಯಜಮಾನರ ತೋಟಕ್ಕೂ ಜಾಗ ಇದೆ. ಆದರೆ ಒಬ್ಬೊಬ್ಬರನ್ನೇ ನೋಡೋದು ಕಷ್ಟದ ಕೆಲಸ. ಎಲ್ಲರಿಗೂ ಫೋನ್ ಮಾಡಿ "ತಂದಿಡಿ" ಅನ್ನೋದು ಸುಲಭದ ಕೆಲಸ.

ದಿನಗಳ ಲೆಕ್ಕ ನೋಡಿ. 2024ರಲ್ಲಿ ಚುನಾವಣೆ ಘೋಷಣೆ ಆದದ್ದು ಮಾರ್ಚ್ 16ಕ್ಕೆ. ಚಿತ್ರದುರ್ಗದಲ್ಲಿ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಫಲಿತಾಂಶ ಬಂದು ಒಂದು ವಾರ ಕಳೆಯುವವರೆಗೂ ನಿರ್ಬಂಧ. ನಮ್ಮೂರಿನ ಮತ ಪೆಟ್ಟಿಗೆ ಸೇರಿ ಆರು ವಾರ ಆದ ಮೇಲೂ, ಉತ್ತರದ ರಾಜ್ಯಗಳ ಕೊನೆ ಹಂತ ಮುಗಿಯಲಿ ಅಂತ ಮಾರಿಕಣಿವೆಯ ಕೋವಿ ಠಾಣೆಯಲ್ಲಿ ಕಾಯಬೇಕು!

ಇನ್ನೊಂದು ಕಡೆ ನೋಡಿ. 2015ರ ಆಗಸ್ಟ್ 30, ಧಾರವಾಡ. ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5, ಬೆಂಗಳೂರು. ಗೌರಿ ಲಂಕೇಶ್. ಆ ಎರಡೂ ರಾತ್ರಿ-ಹಗಲು ನಮ್ಮ ಸ್ಟುಡಿಯೋದಲ್ಲಿ ಹೇಗಿತ್ತು ಅನ್ನೋದು ನನಗೆ ಮರೆತಿಲ್ಲ. ಎರಡು ಕಡೆಯೂ ಬಳಸಿದ್ದು ನಾಡ ಪಿಸ್ತೂಲು. ಅದಕ್ಕೆ ಲೈಸೆನ್ಸ್ ಇಲ್ಲ, ರಸೀದಿ ಇಲ್ಲ, ಅದನ್ನು ಯಾರೂ ಠಾಣೆಗೆ ತಂದು ಜಮಾ ಮಾಡೋದಿಲ್ಲ. ಪಟ್ಟಿಯಲ್ಲಿ ಹೆಸರಿರುವ ಯಜಮಾನರನ್ನು ಹುಡುಕೋದು ಸುಲಭ. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕೋದಲ್ಲವೇ ಪೊಲೀಸರ ಕೆಲಸ?

ಇನ್ನು ನಮ್ಮ ಅಭ್ಯರ್ಥಿಗಳು. ದುರ್ಗದ ಯಾವ ವೇದಿಕೆ ಹತ್ತಿದರೂ ಮೊದಲ ಮಾತು ಮದಕರಿ ನಾಯಕ, ಎರಡನೇ ಮಾತು ಒನಕೆ ಓಬವ್ವ. ಕೈಗೆ ಬೆಳ್ಳಿ ಕತ್ತಿ ಕೊಡುತ್ತಾರೆ, ಎತ್ತಿ ತೋರಿಸುತ್ತಾರೆ, ಶಿಳ್ಳೆ ಬೀಳುತ್ತದೆ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ ತೆಗೆದು ನೋಡಿ. ಕೆಲವರ ಆಸ್ತಿ ಪಟ್ಟಿಯಲ್ಲಿ ಕಾರು, ಚಿನ್ನದ ಪಕ್ಕದಲ್ಲೇ ಪಿಸ್ತೂಲೋ ರಿವಾಲ್ವರೋ ಇರುತ್ತದೆ. ಆಯುಧದ ಬಗ್ಗೆ ಅವರ ನಿಲುವು ಅಂತ ನಮಗೆ ಗೊತ್ತಾಗೋದು ಅಷ್ಟೆ. 2019ರಲ್ಲಿ ಸಂಸತ್ತು 1959ರ ಆಯುಧ ಕಾಯ್ದೆ ತಿದ್ದಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಲೈಸೆನ್ಸ್ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಇದರ ಬಗ್ಗೆ ನಮ್ಮ ಜಿಲ್ಲೆಗಳ ಯಾವ ಪ್ರಚಾರ ಸಭೆಯಲ್ಲೂ ಒಂದು ಮಾತು ಕೇಳಿದ ನೆನಪು ನನಗಿಲ್ಲ.

ಹಾಗಾಗಿ ಮುಂದಿನ ಸಲ ಮತ ಕೇಳಲು ಬಂದವರನ್ನು ಕೋವಿ ಬೇಕೋ ಬೇಡವೋ ಅಂತ ಕೇಳಬೇಡಿ. ಆ ಪ್ರಶ್ನೆಗೆ 1948ರಲ್ಲೇ ಉತ್ತರ ಸಿಕ್ಕಿದೆ. ಕೇಳಬೇಕಾದದ್ದು ಬೇರೆ ಮೂರಿದೆ. ನಮ್ಮ ಜಿಲ್ಲೆಯಲ್ಲಿ ಆ ಪರಿಶೀಲನಾ ಸಮಿತಿ ನಿಜವಾಗಿ ಕೂತು ಹೆಸರು ಹೆಸರು ನೋಡುತ್ತದಾ? ಕೋವಿ ಜಮಾ ಆಗಿರುವ ತಿಂಗಳುಗಳಲ್ಲಿ ಹಂದಿ ತಿಂದ ಬೆಳೆಗೆ ಪರಿಹಾರ ಎಷ್ಟು ದಿನದಲ್ಲಿ ಕೊಡಿಸ್ತೀರಿ? ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲು ಹಿಡಿಯೋದಕ್ಕೆ ಏನು ಮಾಡ್ತೀರಿ? ಮೂರಕ್ಕೂ ಶಾಸಕ ಉತ್ತರ ಕೊಡಬಹುದು. ದೆಹಲಿ ಕಡೆ ಕೈ ತೋರಿಸಬೇಕಾಗಿಲ್ಲ.

ಜೂನ್ ಮಧ್ಯದಲ್ಲಿ ಯಜಮಾನರಿಗೆ ಫೋನ್ ಮಾಡಿದೆ. ಕೋವಿ ಬಂತಾ ಅಂದೆ. "ಬಂತು ಸಾರ್. ತುಕ್ಕು ಹಿಡಿದೈತೆ, ಎಣ್ಣೆ ಹಾಕ್ತಾ ಕುಂತೀನಿ" ಅಂದರು. ತೋಟ ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹಂದಿ ರಸೀದಿ ಕೊಟ್ಟಿಲ್ಲ ಸಾರ್" ಅಂದರು.