ಗ್ರ್ಯಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್ಸನ್

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡನ್ನು ಎದೆಗವಚಿ ಓಡಬೇಕು, ಎಸೆಯಬೇಕು, ಎದುರಾಳಿಯನ್ನು ಕೆಡವಬೇಕು. ಅದರ ಸೂಕ್ಷ್ಮಗಳನ್ನು ವಿವರಿಸಲು ನಾನು ಅಧಿಕಾರಿಯಲ್ಲ. ಆದರೆ ಆ ಆಟವನ್ನು ಒಂದೇ ಕಾಲೇಜಿನಲ್ಲಿ ಅರ್ಧ ಶತಮಾನಕ್ಕೂ ಮೀರಿ ಕಲಿಸಿದ ಎಡ್ಡಿ ರಾಬಿನ್ಸನ್ನನ ಬದುಕು, ಜೀವಮಾನವೆಲ್ಲ ಪಾಠ ಹೇಳಿದ ನನ್ನಂಥವನನ್ನು ಹಿಡಿದು ನಿಲ್ಲಿಸುತ್ತದೆ.

ಆತ ಹುಟ್ಟಿದ್ದು 1919ರಲ್ಲಿ, ಲೂಸಿಯಾನ ಪ್ರಾಂತದ ಬಡ ಕಪ್ಪುಜನರ ಮನೆಯಲ್ಲಿ. ತಂದೆ ಪರರ ಹೊಲವನ್ನು ಕೋರಿಗೆ ಮಾಡುತ್ತಿದ್ದವನು, ತಾಯಿ ಮನೆಗೆಲಸದವಳು. ಮಗ ಪದವೀಧರನಾದ ಮೇಲೂ ದೊರೆತದ್ದು ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ. 1941ರಲ್ಲಿ, ಮುಂದೆ ಗ್ರ್ಯಾಂಬ್ಲಿಂಗ್ ಎಂದು ಹೆಸರಾದ ಕಪ್ಪು ವಿದ್ಯಾರ್ಥಿಗಳ ಪುಟ್ಟ ಸಂಸ್ಥೆ ಆತನನ್ನು ಕರೆಯಿತು. ಅಲ್ಲಿಯ ಅಧ್ಯಕ್ಷನ ಹೆಸರನ್ನು ಕೇಳಿ: ರಾಲ್ಫ್ ವಾಲ್ಡೊ ಎಮರ್ಸನ್ ಜೋನ್ಸ್! ಹೆತ್ತವರು ಯಾವ ಆಸೆಯಿಂದ ಇಟ್ಟ ಹೆಸರೊ. ಈ ಎಮರ್ಸನ್ ಆಡಳಿತದ ಜೊತೆಗೆ ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತಿದ್ದ. ಬಡ ಕಾಲೇಜಿನಲ್ಲಿ ಒಬ್ಬನಿಗೆ ಒಂದೇ ಕೆಲಸವೆಂಬುದಿಲ್ಲ. ರಾಬಿನ್ಸನ್ ಮೈದಾನದ ಗೆರೆ ಎಳೆದ, ಉಳುಕಿದ ಕಾಲಿಗೆ ಪಟ್ಟಿ ಕಟ್ಟಿದ, ಪಂದ್ಯದ ವರದಿಯನ್ನೂ ತಾನೇ ಬರೆದು ಪತ್ರಿಕೆಗಳಿಗೆ ಕಳಿಸಿದ. ಮೊದಲ ವರ್ಷ ಮೂರು ಗೆಲವು, ಐದು ಸೋಲು. ಮರುವರ್ಷ ಆಡಿದ ಒಂಬತ್ತನ್ನೂ ಗೆದ್ದದ್ದಲ್ಲದೆ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ಪ್ರವಾಸ ಹೊರಟರೆ ದಕ್ಷಿಣದ ಹೋಟೆಲುಗಳು ಈ ಹುಡುಗರನ್ನು ಒಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಗುರುವೇ ಸ್ಯಾಂಡ್‌ವಿಚ್ ಮಾಡಿ ಅವರ ಹೊಟ್ಟೆ ತುಂಬಿಸಬೇಕಾಗಿತ್ತು. ಆತನ ಒಟ್ಟು 408 ಗೆಲವುಗಳ ಪಟ್ಟಿಯಲ್ಲಿ ಈ ಬುತ್ತಿ ಕಾಣಿಸುವುದಿಲ್ಲ.

1949ರಲ್ಲಿ ಟ್ಯಾಂಕ್ ಯಂಗರ್ ಎಂಬ ಶಿಷ್ಯ ಲಾಸ್ ಏಂಜಲಿಸಿನ ವೃತ್ತಿಪರ ತಂಡವನ್ನು ಸೇರಿದ. ಕಪ್ಪುಜನರ ಕಾಲೇಜಿನಿಂದ ರಾಷ್ಟ್ರೀಯ ಲೀಗಿಗೆ ಹೋದವರಲ್ಲಿ ಆತನೇ ಮೊದಲಿಗ. ನೀನು ಸೋತರೆ ಇನ್ನೊಬ್ಬನಿಗೆ ಆ ಬಾಗಿಲು ತೆರೆಯುವುದು ಯಾವಾಗಲೊ ಎಂದು ಗುರು ಎಚ್ಚರಿಸಿದ್ದನಂತೆ. ಯಂಗರ್ ಸೋಲಲಿಲ್ಲ. ಅವನ ಹಿಂದೆ ಇನ್ನೂರಕ್ಕೂ ಹೆಚ್ಚು ಗ್ರ್ಯಾಂಬ್ಲಿಂಗ್ ಹುಡುಗರು ಆ ದಾರಿ ಹಿಡಿದರು. ತಂಡವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬೇಕಾದ ಬುದ್ಧಿ ಕಪ್ಪುಜನರಿಗಿಲ್ಲವೆಂಬ ಮಾತು ಬಹುಕಾಲ ನಡೆದಿತ್ತು. 1988ರ ಜನವರಿಯಲ್ಲಿ ಅದೇ ಸ್ಥಾನದಲ್ಲಿ ಆಡಿ ಸೂಪರ್ ಬೌಲ್ ಗೆದ್ದುಕೊಟ್ಟ ಡಗ್ ವಿಲಿಯಮ್ಸ್ ಕೂಡ ರಾಬಿನ್ಸನ್ನನ ಶಿಷ್ಯನೇ.

1985ರಲ್ಲಿ ಆತ ಅಲಬಾಮ ವಿಶ್ವವಿದ್ಯಾನಿಲಯದ ಖ್ಯಾತ ತರಬೇತುದಾರ ಬೇರ್ ಬ್ರಯಂಟನ 323 ಗೆಲವುಗಳನ್ನು ದಾಟಿದಾಗ, ಸಣ್ಣ ಕಾಲೇಜುಗಳನ್ನು ಸೋಲಿಸಿದ್ದೇನು ಮಹಾ ಎಂದು ಮೂಗು ಮುರಿದವರುಂಟು. ಇದು ನ್ಯಾಯದ ಮಾತಲ್ಲ. ಬ್ರಯಂಟನ ತಂಡದಲ್ಲಿಯೇ ಕಪ್ಪು ಹುಡುಗರು ಮೊದಲು ಪಂದ್ಯವಾಡಿದ್ದು 1971ರಲ್ಲಿ. ಅದುವರೆಗೆ ದೊಡ್ಡ ಅಂಗಳಕ್ಕೆ ಪ್ರವೇಶವೇ ಇಲ್ಲದವರನ್ನು, ಅಲ್ಲಿ ಏಕೆ ಗೆಲ್ಲಲಿಲ್ಲ ಎಂದು ಕೇಳುವುದುಂಟೆ?

ಆ ಬಾಗಿಲುಗಳು ತೆರೆದ ಮೇಲೆ ಪ್ರತಿಭಾವಂತ ಹುಡುಗರು ಸಿರಿವಂತ ವಿಶ್ವವಿದ್ಯಾನಿಲಯಗಳತ್ತ ನಡೆದರು. ಯಾರಿಗಾಗಿ ಆತ ದುಡಿದನೋ ಅವರಿಗೆ ಬೇರೆ ಮನೆಗಳು ದೊರೆತವು. ಗ್ರ್ಯಾಂಬ್ಲಿಂಗಿನ ಅಂಗಳ ಬಡವಾಯಿತು. ಆತನ ಕೊನೆಯ ಮೂರು ವರ್ಷಗಳಲ್ಲಿ ಗೆಲವಿಗಿಂತ ಸೋಲೇ ಹೆಚ್ಚು. 1997ರಲ್ಲಿ ನಿವೃತ್ತನಾದ, 2007ರಲ್ಲಿ ತೀರಿಕೊಂಡ. 1998ರಲ್ಲಿ ಆ ಸ್ಥಾನಕ್ಕೆ ಬಂದವನು ಡಗ್ ವಿಲಿಯಮ್ಸ್.