ಸ್ಟೀರಿಂಗ್ ಶಿಮ್ಮಿ

ಸ್ಟೀರಿಂಗ್ ಶಿಮ್ಮಿ ಎಂದರೆ ಚಲಿಸುತ್ತಿರುವ ವಾಹನದ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ವೇಗವಾಗಿ ಹೊಯ್ದಾಡುವುದರಿಂದ ಉಂಟಾಗಿ, ಸ್ಟೀರಿಂಗ್ ಚಕ್ರದವರೆಗೂ ತಲುಪುವ ಕಂಪನ. ಇದರ ಅತಿ ತೀವ್ರ ರೂಪವನ್ನು ‘ಡೆತ್ ವಾಬಲ್’ ಎಂದು ಕರೆಯುತ್ತಾರೆ. ಗ್ಯಾರೇಜುಗಳ ಮಾತಿನಲ್ಲಿ ಇದಕ್ಕೆ ‘ವಾಬ್ಲಿಂಗ್’ ಎಂಬ ಹೆಸರಿದೆ. ಎರಡೂ ಮುಂಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಜೋಡಿಸುವ ಹಳೆಯ ಜೀಪು, ಮಾರುತಿ ಜಿಪ್ಸಿ, ಜಿಮ್ನಿ, ಜೀಪ್ ರಾಂಗ್ಲರ್ ಮೊದಲಾದ ಕಚ್ಚಾರಸ್ತೆಯ ವಾಹನಗಳಲ್ಲಿ ಈ ದೋಷ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ರಸ್ತೆಯ ಒಂದು ಗುಂಡಿ ಅಥವಾ ಸೇತುವೆಯ ಸಂದಿನ ಮೇಲೆ ಚಕ್ರ ಹಾಯ್ದಾಗ ಕಂಪನ ಹಠಾತ್ತನೆ ಆರಂಭವಾಗಿ, ವೇಗವನ್ನು ಸಾಕಷ್ಟು ಇಳಿಸುವವರೆಗೂ ನಿಲ್ಲುವುದಿಲ್ಲ.

ಕಾರ್ಯತತ್ತ್ವ

ಶಿಮ್ಮಿಯು ಸ್ವಯಂ ಪ್ರಚೋದಿತ ಕಂಪನಗಳ ವರ್ಗಕ್ಕೆ ಸೇರಿದೆ. ಅಂದರೆ, ಒಂದು ಸಣ್ಣ ಹೊಡೆತ ಅದನ್ನು ಆರಂಭಿಸಿದರೂ, ಮುಂದುವರಿಯಲು ಬೇಕಾದ ಶಕ್ತಿಯನ್ನು ಅದು ವಾಹನದ ಮುನ್ನಡೆಯಿಂದಲೇ ಪಡೆಯುತ್ತದೆ. ಟೈರಿನ ಪಕ್ಕದ ಬಾಗುವಿಕೆಯು ಈ ಶಕ್ತಿ ವರ್ಗಾವಣೆಗೆ ಮುಖ್ಯ ಮಾಧ್ಯಮವಾಗಿದೆ.

ಗಟ್ಟಿ ಅಚ್ಚಿನ ವಾಹನಗಳಲ್ಲಿ ಇದಕ್ಕೆ ಗೈರೋಸ್ಕೋಪಿಕ್ ಪರಿಣಾಮವೂ ಸೇರುತ್ತದೆ. ಒಂದು ಚಕ್ರ ಕಲ್ಲನ್ನು ಹತ್ತಿದಾಗ ಅಚ್ಚು ಪೂರ್ತಿಯಾಗಿ ಓರೆಯಾಗುತ್ತದೆ. ಅತಿವೇಗದಲ್ಲಿ ತಿರುಗುತ್ತಿರುವ ಚಕ್ರವನ್ನು ಹೀಗೆ ಓರೆಯಾಗಿಸಿದರೆ ಅದು ಕಿಂಗ್ ಪಿನ್ನಿನ ಸುತ್ತ ಪಕ್ಕಕ್ಕೆ ಹೊರಳಲು ಯತ್ನಿಸುತ್ತದೆ. ಪಕ್ಕಕ್ಕೆ ಹೊರಳಿದ ಚಕ್ರವು ಪ್ರತಿಯಾಗಿ ಅಚ್ಚನ್ನು ಮತ್ತೆ ಓರೆಯಾಗಿಸುತ್ತದೆ. ಎರಡೂ ಚಲನೆಗಳು ಪರಸ್ಪರ ಪೋಷಿಸಿಕೊಂಡು ಬೆಳೆಯಬಲ್ಲವು. ಕೀಲುಗಳು ಬಿಗಿಯಾಗಿದ್ದರೆ ಕಂಪನ ಕೆಲವೇ ಆವೃತ್ತಿಗಳಲ್ಲಿ ಸಾಯುತ್ತದೆ. ಸಡಿಲವಿದ್ದರೆ ಚಕ್ರಕ್ಕೆ ತಡೆಯಿಲ್ಲದೆ ಚಲಿಸುವ ಅವಕಾಶ ಸಿಕ್ಕಿ ಹೊಯ್ದಾಟ ಉಳಿಯುತ್ತದೆ. ಆದುದರಿಂದ ಶಿಮ್ಮಿಯ ತಪಾಸಣೆಯು ಬಹುಮಟ್ಟಿಗೆ ಸಡಿಲವಾದ ಭಾಗದ ಹುಡುಕಾಟವೇ ಆಗಿದೆ.

ಇತಿಹಾಸ

1920ರ ದಶಕದಲ್ಲಿ ಕಡಿಮೆ ಗಾಳಿಯೊತ್ತಡದ ಅಗಲವಾದ ಟೈರುಗಳು ಮತ್ತು ಮುಂಚಕ್ರದ ಬ್ರೇಕುಗಳು ಬಳಕೆಗೆ ಬಂದಾಗ ಕಾರುಗಳಲ್ಲಿ ಶಿಮ್ಮಿ ದೊಡ್ಡ ಸಮಸ್ಯೆಯಾಗಿ ಬೆಳೆಯಿತು. ಇದರ ಪರಿಹಾರದ ಹುಡುಕಾಟವೂ ಮುಂಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್ ಬರಲು ಒಂದು ಕಾರಣವಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1934ರ ಮಾದರಿಗಳಲ್ಲಿ ಇಂತಹ ವ್ಯವಸ್ಥೆಯನ್ನು ಅಳವಡಿಸಿತು. ಒಂದು ಚಕ್ರದ ಏರಿಳಿತ ಮತ್ತೊಂದನ್ನು ಓರೆಯಾಗಿಸದ ಕಾರಣ ಕಾರುಗಳಲ್ಲಿ ತೊಂದರೆ ಬಹಳ ತಗ್ಗಿತು.

ಒರಟು ನೆಲದ ವಾಹನಗಳು ಮಾತ್ರ ಗಟ್ಟಿತನ ಮತ್ತು ಸುಲಭ ದುರಸ್ತಿಗಾಗಿ ಹಳೆಯ ಅಚ್ಚನ್ನೇ ಉಳಿಸಿಕೊಂಡವು. ಭಾರತದಲ್ಲಿ ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಜೋಡಿಸಲಾರಂಭಿಸಿದ ವಿಲ್ಲೀಸ್ ಜೀಪು ಹಾಗೂ 1985ರಲ್ಲಿ ಬಂದ ಮಾರುತಿ ಜಿಪ್ಸಿ, ಎರಡೂ ಲೀಫ್ ಸ್ಪ್ರಿಂಗಿನ (ಕಮಾನು ಪಟ್ಟಿಯ) ಮೇಲೆ ಕೂರಿಸಿದ ಗಟ್ಟಿ ಅಚ್ಚಿನ ವಾಹನಗಳು. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲಿ ಗಟ್ಟಿ ಅಚ್ಚು ಕಾಯಿಲ್ ಸ್ಪ್ರಿಂಗಿನ ಮೇಲಿದೆ. 2020ರ ಮಹೀಂದ್ರಾ ಥಾರ್‌ನ ಮುಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಶನ್ ಇದೆ.

ಇತರ ಕಂಪನಗಳಿಂದ ವ್ಯತ್ಯಾಸ

ಸ್ಟೀರಿಂಗ್ ನಡುಗುವುದೆಲ್ಲ ಶಿಮ್ಮಿಯಲ್ಲ. ದೋಷ ಯಾವಾಗ ಆರಂಭವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ತಪಾಸಣೆ ಮುಗಿದಂತೆ.

• ಚಕ್ರದ ಅಸಮತೋಲನ: ನಯವಾದ ರಸ್ತೆಯಲ್ಲೂ ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ನಡುಕ ಬರುತ್ತದೆ, ಆ ವೇಗ ದಾಟಿದರೆ ಹಲವು ಬಾರಿ ಕಡಿಮೆಯಾಗುತ್ತದೆ. 70 ಸೆಂ.ಮೀ. ವ್ಯಾಸದ ಟೈರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ನಡುಕವೂ ಅದೇ ಲೆಕ್ಕದಲ್ಲಿರುತ್ತದೆ.
• ಬ್ರೇಕಿನ ನಡುಕ: ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆ. ಡಿಸ್ಕ್ ಅಥವಾ ಡ್ರಮ್ ಸಮನಾಗಿಲ್ಲದಿರುವುದು ಇದಕ್ಕೆ ಕಾರಣ.
• ಪ್ರೊಪೆಲ್ಲರ್ ಶಾಫ್ಟಿನ ನಡುಕ: ಸ್ಟೀರಿಂಗಿಗಿಂತ ಆಸನ ಮತ್ತು ನೆಲದಲ್ಲಿ ಹೆಚ್ಚು ತಿಳಿಯುತ್ತದೆ, ಸೂಕ್ಷ್ಮವೂ ವೇಗವೂ ಆಗಿರುತ್ತದೆ.
• ಶಿಮ್ಮಿ: ಗುಂಡಿ ಅಥವಾ ಉಬ್ಬಿನಿಂದ ಆರಂಭವಾಗಿ ತಾನಾಗಿಯೇ ಬೆಳೆಯುತ್ತದೆ; ವೇಗ ಇಳಿಸಿದಾಗ ಮಾತ್ರ ನಿಲ್ಲುತ್ತದೆ.

ಕಾರಣಗಳು

ಒಂದೇ ಭಾಗ ಪೂರ್ತಿ ಸವೆದಿರುವುದಕ್ಕಿಂತ, ಹಲವು ಭಾಗಗಳು ಸ್ವಲ್ಪ ಸ್ವಲ್ಪ ಸವೆದಿರುವುದೇ ಸಾಮಾನ್ಯ. ಮುಖ್ಯ ಕಾರಣಗಳು ಹೀಗಿವೆ:

• ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್‌ಗಳ ತುದಿಯ ಕೀಲುಗಳ ಸವೆತ.
• ಕಿಂಗ್ ಪಿನ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್‌ಗಳ ಸಡಿಲ.
• ಚಕ್ರದ ಬೇರಿಂಗ್ ಸಡಿಲ.
• ಕಾಯಿಲ್ ಸ್ಪ್ರಿಂಗ್ ವಾಹನಗಳಲ್ಲಿ ಅಚ್ಚನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಷ್ ಸವೆತ, ಅಥವಾ ಅದರ ಬೋಲ್ಟಿನ ರಂಧ್ರ ಅಂಡಾಕಾರವಾಗಿರುವುದು.
• ಲೀಫ್ ಸ್ಪ್ರಿಂಗ್ ವಾಹನಗಳಲ್ಲಿ ಶ್ಯಾಕಲ್ ಬುಷ್‌ಗಳ ಸವೆತ ಮತ್ತು ಯು-ಬೋಲ್ಟ್‌ಗಳ ಸಡಿಲ.
• ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಸ್ಟೀರಿಂಗ್ ಚಲನೆಯನ್ನು ಟೈ ರಾಡುಗಳಿಗೆ ತಲುಪಿಸುವ ಬೆಲ್ ಕ್ರ್ಯಾಂಕಿನ ಸವೆತ.
• ಸ್ಟೀರಿಂಗ್ ಬಾಕ್ಸಿನ ಒಳಸಡಿಲ, ಅದನ್ನು ಹಿಡಿದ ಬೋಲ್ಟ್‌ಗಳ ಸಡಿಲ ಅಥವಾ ಆ ಭಾಗದ ಚಾಸಿಯಲ್ಲಿ ಬಿರುಕು.
• ಟೈರಿನ ಉಬ್ಬು, ಅಸಮ ಸವೆತ, ತಪ್ಪು ಗಾಳಿಯೊತ್ತಡ.
• ಕ್ಯಾಸ್ಟರ್ ಕೋನ ಮತ್ತು ಟೋ ಅಳತೆಯ ವ್ಯತ್ಯಾಸ.

ವಾಹನವನ್ನು ಎತ್ತರಿಸಿ ದೊಡ್ಡ ಟೈರು ಅಳವಡಿಸಿದಾಗ ಈ ಕಾರಣಗಳು ಒಟ್ಟುಗೂಡುತ್ತವೆ. ಟೈರು ಭಾರವಾದಷ್ಟೂ ಗೈರೋಸ್ಕೋಪಿಕ್ ಬಲವೂ ಕೀಲುಗಳ ಮೇಲಿನ ಹೊರೆಯೂ ಹೆಚ್ಚುತ್ತವೆ. ಕಾಯಿಲ್ ಸ್ಪ್ರಿಂಗ್ ವಾಹನವನ್ನು ಎತ್ತರಿಸಿದಾಗ ಅಚ್ಚು ತಿರುಗಿ ಕ್ಯಾಸ್ಟರ್ ಕೋನ ಕುಗ್ಗುತ್ತದೆ. ಭಾರತದ ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ನಮೂದಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

ತಪಾಸಣೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಖರ್ಚಿನವುಗಳ ಕಡೆಗೆ ಸಾಗುವುದು ಸೂಕ್ತ ಕ್ರಮ. ಸಡಿಲ ನಿವಾರಿಸದೆ ಅಲೈನ್‌ಮೆಂಟ್ ಮಾಡಿಸಿದರೆ ಆ ಅಳತೆ ನಿಲ್ಲುವುದಿಲ್ಲ. ಆದುದರಿಂದ ಅದು ಕೊನೆಯ ಹಂತಗಳಿಗೆ ಸೇರಿದೆ.

1. ಚಕ್ರ ಮತ್ತು ಟೈರು: ರಿಮ್ಮಿನ ಒಳಭಾಗವನ್ನು ತೊಳೆದು, ಗಾಳಿಯೊತ್ತಡ ಸರಿಪಡಿಸಿ, ಟೈರಿನಲ್ಲಿ ಉಬ್ಬು ಇದೆಯೇ ಎಂದು ನೋಡಬೇಕು. ಚಕ್ರದ ನಟ್ಟುಗಳ ಬಿಗಿಯನ್ನು ಪರೀಕ್ಷಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿದಾಗ ಕಂಪನದ ಸ್ವರೂಪ ಬದಲಾದರೆ ದೋಷ ಚಕ್ರದಲ್ಲಿದೆ ಎಂದು ತಿಳಿಯಬಹುದು.

2. ನಿಂತಲ್ಲೇ ಸ್ಟೀರಿಂಗ್ ಪರೀಕ್ಷೆ: ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಿರಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಲ್ಲು ಇಡಬೇಕು. ಇನ್ನೊಬ್ಬರು ಪಕ್ಕದಿಂದ ಒಂದೊಂದೇ ಕೀಲನ್ನು ಗಮನಿಸಬೇಕು. ಕೀಲಿನ ಒಂದು ಬದಿ ಚಲಿಸಿ ಮತ್ತೊಂದು ತಡವಾಗಿ ಚಲಿಸಿದರೆ ಅದು ಸವೆದಿದೆ. ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿಗಳನ್ನು ಮತ್ತು ಸ್ಟೀರಿಂಗ್ ಬಾಕ್ಸು ಚಾಸಿಯ ಮೇಲೆ ಅಲುಗುತ್ತದೆಯೇ ಎಂಬುದನ್ನು ಇದೇ ವೇಳೆ ನೋಡಬೇಕು.

3. ಚಕ್ರ ಎತ್ತಿ ಪರೀಕ್ಷೆ: ಅಚ್ಚನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಬೇಕು. ಸಡಿಲ ಕಂಡರೆ ಸಹಾಯಕರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಬೇಕು. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟಿನಲ್ಲಿದೆ. ಎಡ-ಬಲ ಬದಿ ಹಿಡಿದು ಅಲುಗಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಹಾಗೂ ಇತರ ಜೋಡಣೆಗಳನ್ನು ಶಂಕಿಸಬೇಕು.

4. ಬೋಲ್ಟ್‌ಗಳ ಬಿಗಿ: ತಯಾರಕರ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಪರಿಶೀಲಿಸಬೇಕು. ರಂಧ್ರ ಅಂಡಾಕಾರವಾಗಿದ್ದರೆ ಬಿಗಿಗೊಳಿಸುವುದು ತಾತ್ಕಾಲಿಕ ಪರಿಹಾರ ಮಾತ್ರ.

5. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್: ಸಡಿಲಗಳೆಲ್ಲ ನಿವಾರಣೆಯಾದ ಮೇಲೆ ಟೋ ಮತ್ತು ಕ್ಯಾಸ್ಟರ್ ಅಳೆಯಬೇಕು.

ಸ್ಟೀರಿಂಗ್ ಬಾಕ್ಸಿನ ಹೊಂದಾಣಿಕೆ ಸ್ಕ್ರೂವನ್ನು ಅಳತೆಯಿಲ್ಲದೆ ಬಿಗಿಗೊಳಿಸುವುದು ಅಪಾಯಕಾರಿ. ಸ್ಟೀರಿಂಗ್ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳದಂತಾಗಬಹುದು.

ಸ್ಟೀರಿಂಗ್ ಡ್ಯಾಂಪರ್‌ನ ಪಾತ್ರ

ಸ್ಟೀರಿಂಗ್ ಡ್ಯಾಂಪರ್ ಎಂಬುದು ಶಾಕ್ ಅಬ್ಸಾರ್ಬರ್‌ನಂತೆ ಕೆಲಸ ಮಾಡಿ ಹೊಯ್ದಾಟದ ಶಕ್ತಿಯನ್ನು ಹೀರುವ ಸಾಧನ. ಎಣ್ಣೆ ಸೋರಿದ ಅಥವಾ ಕೈಯಿಂದ ಒತ್ತಿದಾಗ ತಡೆಯಿಲ್ಲದೆ ಚಲಿಸುವ ಡ್ಯಾಂಪರನ್ನು ಬದಲಿಸಲೇಬೇಕು. ಆದರೆ ಕೀಲುಗಳನ್ನು ನೋಡದೆ ಡ್ಯಾಂಪರನ್ನು ಮಾತ್ರ ಬದಲಿಸಿದರೆ ಲಕ್ಷಣ ಮರೆಯಾಗಿ ದೋಷ ಉಳಿಯುತ್ತದೆ. ಮರೆಯಲ್ಲಿ ಸವೆಯುತ್ತಲೇ ಹೋದ ಟೈ ರಾಡಿನ ತುದಿ ಕಳಚಿಕೊಂಡರೆ ಸ್ಟೀರಿಂಗ್ ಹಿಡಿತವೇ ತಪ್ಪುತ್ತದೆ. ಹೊಸ ವಾಹನಗಳಲ್ಲಿ ಡ್ಯಾಂಪರ್ ತಾನೇ ಕಾರಣವಾಗುವುದೂ ಉಂಟು. 2019ರಲ್ಲಿ ಅಮೆರಿಕದಲ್ಲಿ ಜೀಪ್ ರಾಂಗ್ಲರ್ ಕುರಿತು ದೂರುಗಳು ಬಂದಾಗ ತಯಾರಕರು ಹೊಸ ವಿನ್ಯಾಸದ ಡ್ಯಾಂಪರನ್ನು ಅಳವಡಿಸಿಕೊಡುವ ಕ್ರಮ ಕೈಗೊಂಡರು.

ಕರ್ನಾಟಕದ ಸಂದರ್ಭ

ಕೊಡಚಾದ್ರಿ, ಮಡಿಕೇರಿ ಸಮೀಪದ ಮಾಂದಲಪಟ್ಟಿ ಮೊದಲಾದ ಕಡೆ ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯಲು ಜೀಪುಗಳು ಬಳಕೆಯಲ್ಲಿವೆ. ಮಲೆನಾಡಿನ ಕಾಫಿ ತೋಟಗಳಲ್ಲಿಯೂ ಅವು ದಿನನಿತ್ಯದ ವಾಹನಗಳಾಗಿವೆ. ಕಲ್ಲುದಾರಿಯಲ್ಲಿ ವೇಗ ಕಡಿಮೆಯಿರುವುದರಿಂದ ಅಲ್ಲಿ ಶಿಮ್ಮಿ ಕಾಣಿಸಿಕೊಳ್ಳುವುದು ಅಪರೂಪ. ಆದರೆ ಕೀಲುಗಳು ಸವೆಯುವುದು ಅಲ್ಲಿಯೇ. ಅದೇ ವಾಹನ ಹೆದ್ದಾರಿಗೆ ಬಂದು ವೇಗ ಪಡೆದಾಗ ದೋಷ ಪ್ರಕಟವಾಗುತ್ತದೆ.

ಬಯಲುಸೀಮೆಯಲ್ಲಿ ಕಾರಣ ಬೇರೆಯಾಗಿರಬಹುದು. ದಾವಣಗೆರೆ ಮತ್ತು ಹರಿಹರ ಸುತ್ತಲಿನ ಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿ ಭತ್ತದ ಗದ್ದೆ ಹಾಗೂ ನಾಲೆಯ ಏರಿಯ ದಾರಿಗಳಲ್ಲಿ ಓಡಾಡುವ ವಾಹನಗಳ ರಿಮ್ಮಿನ ಒಳಗೆ ಅಂಟು ಮಣ್ಣು ಮೆತ್ತಿಕೊಳ್ಳುತ್ತದೆ. ಅದು ಒಂದೇ ಬದಿಯಲ್ಲಿ ಒಣಗಿ ಗಟ್ಟಿಯಾದರೆ ಚಕ್ರದ ಸಮತೋಲನ ತಪ್ಪುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿದ್ದ ಈಗಿನ ಹೆದ್ದಾರಿ 48 ಈ ಎರಡೂ ಊರುಗಳ ಬಳಿ ಹಾದುಹೋಗುತ್ತದೆ. ಇಂತಹ ವಾಹನ ಹೆದ್ದಾರಿಯ ವೇಗಕ್ಕೆ ಏರಿದೊಡನೆ ಸ್ಟೀರಿಂಗ್ ನಡುಗುತ್ತದೆ. ಇದು ನೀರಿನಿಂದ ತೊಳೆದರೆ ಹೋಗುವ ದೋಷ. ತೊಳೆದ ಮೇಲೂ ಉಳಿದರೆ ಮಾತ್ರ ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ.

ಚಾಲನೆಯ ವೇಳೆ ಮುನ್ನೆಚ್ಚರಿಕೆ

ಕಂಪನ ಆರಂಭವಾದಾಗ ಸ್ಟೀರಿಂಗನ್ನು ಎರಡೂ ಕೈಗಳಿಂದ ದೃಢವಾಗಿ ಹಿಡಿಯಬೇಕು. ಹೆಬ್ಬೆರಳುಗಳನ್ನು ಅದರ ಕಡ್ಡಿಗಳ ಒಳಗೆ ಸೇರಿಸಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹಿತಮಿತವಾಗಿ ಬ್ರೇಕ್ ಒತ್ತಿ, ಅಪಾಯ ಸೂಚಕ ದೀಪ ಹಾಕಿ, ವಾಹನವನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಬೇಕು. ಕಂಪನಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಲು ಯತ್ನಿಸುವುದು, ಹಠಾತ್ ಬ್ರೇಕ್ ಹಾಕುವುದು ಅಥವಾ ವೇಗ ಹೆಚ್ಚಿಸುವುದು ಸಲ್ಲದು. ಒಮ್ಮೆ ತೀವ್ರ ಶಿಮ್ಮಿ ಸಂಭವಿಸಿದರೆ ಅದರ ಹೊಡೆತದಿಂದಲೇ ಬೋಲ್ಟ್‌ಗಳು ಸಡಿಲಗೊಂಡು ಕೀಲುಗಳು ಇನ್ನಷ್ಟು ಸವೆದಿರುತ್ತವೆ. ಆದುದರಿಂದ ಕಂಪನ ನಿಂತ ಮಾತ್ರಕ್ಕೆ ಪ್ರಯಾಣ ಮುಂದುವರಿಸದೆ, ಮುಂಭಾಗದ ಜೋಡಣೆಗಳನ್ನು ಪರೀಕ್ಷಿಸಿದ ಬಳಿಕವೇ ವಾಹನವನ್ನು ಮತ್ತೆ ವೇಗದಲ್ಲಿ ಓಡಿಸಬೇಕು.

ಇವನ್ನೂ ನೋಡಿ

• ಸಸ್ಪೆನ್ಶನ್
• ಗೈರೋಸ್ಕೋಪ್
• ಅನುರಣನ
• ಮಾರುತಿ ಜಿಪ್ಸಿ