ಮಂಗಳೂರಿನ ಚರ್ಚುಗಳಲ್ಲಿ ಶ್ರೀಸಾಮಾನ್ಯರ ಸೇವಾ ತರಬೇತಿ

ಗುರುದೀಕ್ಷೆ ಪಡೆಯದ ಕ್ರೈಸ್ತ ವಿಶ್ವಾಸಿಗಳನ್ನು ಧರ್ಮೋಪದೇಶ, ಆರಾಧನೆಯಲ್ಲಿ ಶಾಸ್ತ್ರಪಾಠದ ವಾಚನ, ಗಾಯನ, ಪ್ರಾರ್ಥನಾಕೂಟಗಳ ನಿರ್ವಹಣೆ, ರೋಗಿಗಳ ಭೇಟಿ ಹಾಗೂ ಸಭೆಯ ಆಡಳಿತ ಮುಂತಾದ ಹೊಣೆಗಳಿಗೆ ಅಣಿಗೊಳಿಸುವ ವ್ಯವಸ್ಥೆಯನ್ನು ಶ್ರೀಸಾಮಾನ್ಯರ ಸೇವಾ ತರಬೇತಿ ಎನ್ನಲಾಗುತ್ತದೆ. ಮಂಗಳೂರಿನಲ್ಲಿ ಇದು ಕೊಂಕಣಿ ಮಾತನಾಡುವ ಕಥೋಲಿಕರಲ್ಲಿಯೂ ತುಳು–ಕನ್ನಡಗಳಲ್ಲಿ ಆರಾಧಿಸುವ ಪ್ರಾಟೆಸ್ಟೆಂಟರಲ್ಲಿಯೂ ಬೇರೆಬೇರೆ ಹಾದಿಯಲ್ಲಿ ಬೆಳೆಯಿತು. ಆದರೆ ಎರಡು ಕಡೆಯೂ ಅದು ಮೊದಲು ತಲೆಯೆತ್ತಿದ್ದು ಸಿದ್ಧಾಂತದ ಒತ್ತಾಯದಿಂದಲ್ಲ, ದೀಕ್ಷೆ ಪಡೆದ ಸೇವಕರು ಸಾಕಷ್ಟು ಇಲ್ಲದಿದ್ದುದರಿಂದ. ಶ್ರೀಸಾಮಾನ್ಯರ ಸೇವೆಗೆ ತಾತ್ವಿಕ ಸಮರ್ಥನೆ ಬಂದದ್ದು ಬಹಳ ತಡವಾಗಿ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ.

ಕಥೋಲಿಕ ಪರಂಪರೆ ಇವೆರಡರಲ್ಲಿ ಹಳೆಯದು. ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಸ್ಥಾಪನೆಯಾದ ರೊಸಾರಿಯೊ ಇಗರ್ಜಿಯೂ 1680ರಲ್ಲಿ ಆರಂಭವಾದ ಮಿಲಾಗ್ರಿಸ್ ಇಗರ್ಜಿಯೂ ಪಾದ್ರಿಗಳ ಆಳ್ವಿಕೆಯಲ್ಲಿಯೇ ಇದ್ದರೂ, ಪ್ರತಿಯೊಂದು ವಾಡೊದಲ್ಲಿ, ಎಂದರೆ ಧರ್ಮಕೇಂದ್ರದ ಒಳವಿಭಾಗದಲ್ಲಿ, ಗುರ್ಕಾರನೆಂಬ ಹಿರಿಯ ಗೃಹಸ್ಥನಿರುತ್ತಿದ್ದನು. ಮನೆತನಗಳ ಜಗಳ ಬಗೆಹರಿಸುವುದೂ ಧಾರ್ಮಿಕ ಕಾರ್ಯಗಳಿಗೆ ಜನರನ್ನು ಕೂಡಿಸುವುದೂ ಅವನ ಪಾಲಿಗೆ ಬಂದಿದ್ದವು. ಗುರ್ಕಾರನಿಗೆ ಶಾಲೆಯಲ್ಲಿ ತರಬೇತಿ ಸಿಗುತ್ತಿರಲಿಲ್ಲ. ರೂಢಿಯೂ ಮನೆತನದ ಹಿರಿಮೆಯೂ ಅವನನ್ನು ರೂಪಿಸುತ್ತಿದ್ದವು. ಮಕ್ಕಳಿಗೆ ದೊತೊರ್ನ್, ಎಂದರೆ ಕ್ರೈಸ್ತ ಧರ್ಮೋಪದೇಶದ ಪಾಠ, ಮನೆಯಲ್ಲಿಯೇ ಬಾಯಿಪಾಠವಾಗಿ ದೊರೆಯುತ್ತಿತ್ತು. ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕಥೋಲಿಕರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ಒಯ್ದು, ಪಾದ್ರಿಗಳನ್ನು ಗಡೀಪಾರು ಮಾಡಿದ ಮೇಲೆ, 1799ರವರೆಗಿನ ಸೆರೆಯ ವರ್ಷಗಳಲ್ಲಿ ಈ ಸಮುದಾಯಕ್ಕೆ ಉಳಿದಿದ್ದು ಈ ಬಾಯಿಪಾಠವೂ ಕುಟುಂಬದ ಪ್ರಾರ್ಥನೆಯೂ ಮಾತ್ರ. ಬಿಡುಗಡೆಯಾಗಿ ಹಿಂದಿರುಗಿದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಸಂಜೆ ಮನೆಮಂದಿಯೆಲ್ಲ ಕೂಡಿ ತೇರ್ಸ್, ಎಂದರೆ ಜಪಮಾಲೆ, ಹೇಳುವ ಪದ್ಧತಿ ಇಂದಿಗೂ ಬಾಳಿಬಂದಿದೆ. ಅನಂತರ 1878ರ ಕೊನೆಯ ದಿನ ಮಂಗಳೂರಿಗೆ ಬಂದ ಯೇಸುಸಭೆಯವರು ಮರುವರ್ಷವೇ ತೆರೆದ ಗುರುಮಠ, ಮುಂದೆ ಜೆಪ್ಪುವಿನಲ್ಲಿ ನೆಲೆಗೊಂಡ ಸಂತ ಜೋಸೆಫರ ಸೆಮಿನರಿ, ಪಾದ್ರಿಗಳ ಕೊರತೆಯನ್ನು ನೀಗಿಸಿತು. ಅಲ್ಲಿಂದ ಮುಂದೆ ಸುಮಾರು ಎಂಬತ್ತು ವರ್ಷ ಶ್ರೀಸಾಮಾನ್ಯರ ಪಾತ್ರ ಭಕ್ತಿಸಂಘಗಳಿಗೂ ಹಬ್ಬಗಳ ವ್ಯವಸ್ಥೆಗೂ ಬಹುಮಟ್ಟಿಗೆ ಸೀಮಿತವಾಯಿತು.

ಪ್ರಾಟೆಸ್ಟೆಂಟ್ ಧಾರೆಯ ಇತಿಹಾಸ ಇದಕ್ಕಿಂತ ಹೆಚ್ಚು ತೊಡಕಿನದು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬೇಸಲ್ ನಗರದಲ್ಲಿ ಹುಟ್ಟಿದ ಬೇಸಲ್ ಮಿಷನ್, 1833ರ ಸನದು ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದೊಡನೆ, ಸಾಮ್ಯುಯೆಲ್ ಹೆಬಿಕ್, ಯೋಹಾನ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರನ್ನು ಕಳುಹಿಸಿತು. 1834ರ ಅಕ್ಟೋಬರ್ ಕೊನೆಯಲ್ಲಿ ಮಂಗಳೂರು ತಲಪಿದ ಇವರಿಗೆ ಎದುರಾದ ಮೊದಲ ತೊಡಕು ಭಾಷೆಯದು: ಜನ ಮನೆಯಲ್ಲಿ ಆಡುವುದು ತುಳು, ಓದುಬರಹ ಕನ್ನಡದಲ್ಲಿ, ಪೇಟೆಯಲ್ಲಿ ಕೊಂಕಣಿಯೂ ಬ್ಯಾರಿಯೂ ಬೆರೆತಿದ್ದವು. ಬೇಸಲಿನಲ್ಲಿ ಎಷ್ಟು ಓದಿ ಬಂದಿದ್ದರೂ ಪರದೇಶದವನೊಬ್ಬನು ಹಳ್ಳಿಯ ಜಗಲಿಯಲ್ಲಿ ಕುಳಿತು ತುಳುವಿನಲ್ಲಿ ಮಾತಿಗೆ ಮಾತು ಕೊಡಲು ವರ್ಷಗಳೇ ಬೇಕಾಗುತ್ತಿದ್ದವು. ಆದ್ದರಿಂದ ಉಪದೇಶಿ ಎಂಬ ಹುದ್ದೆ, ಎಂದರೆ ದೀಕ್ಷೆಯಿಲ್ಲದೆಯೇ ಬೋಧಿಸುವ, ಹೊಸಬರಿಗೆ ದೀಕ್ಷಾಸ್ನಾನಕ್ಕೆ ಮೊದಲು ಪಾಠ ಹೇಳುವ, ಸಭಾಪಾಲಕನಿಲ್ಲದ ಊರಿನಲ್ಲಿ ಭಾನುವಾರದ ಆರಾಧನೆ ನಡೆಸುವ ಸ್ಥಳೀಯನ ಹುದ್ದೆ, ಮಿಷನ್ನಿನ ಬೆನ್ನೆಲುಬಾಯಿತು.

ಉಪದೇಶಿಯನ್ನು ಸಿದ್ಧಗೊಳಿಸಲು ಮೊದಲು ಬೇಕಾದದ್ದು ಓದುವ ಶಕ್ತಿ, ಅದರೊಡನೆ ಓದಲು ಪುಸ್ತಕ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಶಾಲೆಗಳತ್ತ ಗಮನ ಹರಿಸಿದನು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಮತ್ತಾಯನ ಸುವಾರ್ತೆ 1842ರಲ್ಲಿಯೂ ಇಡೀ ಹೊಸ ಒಡಂಬಡಿಕೆ 1847ರಲ್ಲಿಯೂ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ, ಅಚ್ಚಾದವು. ಮೋಗ್ಲಿಂಗನು 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಎಲ್ಲರಿಗೂ ಗೊತ್ತು. ಆದರೆ ಅದೇ ಅಚ್ಚಿನ ಮನೆ ಉಪದೇಶಿಗಳ ಕೈಗೆ ಸತ್ಯವೇದದ ಭಾಗಗಳನ್ನೂ ಪ್ರಶ್ನೋತ್ತರ ರೂಪದ ಧರ್ಮಪಾಠಗಳನ್ನೂ ಕೀರ್ತನೆಗಳನ್ನೂ ಒದಗಿಸುತ್ತಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಬಲ್ಮಠದ ಗುಡ್ಡದ ಮೇಲಿನ ದೇವಜ್ಞಾನ ಪಾಠಶಾಲೆ, ಎಂದರೆ ಬೇಸಲ್ ಮಿಷನ್ ಸೆಮಿನರಿ, ತನ್ನ ಆರಂಭವನ್ನು 1847ಕ್ಕೆ ಗುರುತಿಸಿಕೊಳ್ಳುತ್ತದೆ.

ಈ ಪಾಠಶಾಲೆಯ ಸ್ವರೂಪವನ್ನು ಇಂದಿನ ಅಳತೆಯಿಂದ ನೋಡಿದರೆ ತಪ್ಪು ತಿಳಿವಳಿಕೆಯಾಗುವ ಸಂಭವವಿದೆ. ಅದು ಸಭಾಪಾಲಕರ ಕಾರ್ಖಾನೆಯಾಗಿರಲಿಲ್ಲ. ಓದು ಮುಗಿಸಿದವರು ಸಾಮಾನ್ಯವಾಗಿ ಉಪದೇಶಿಗಳಾಗಿ ನೇಮಕಗೊಂಡು, ಹಲವು ವರ್ಷಗಳ ಸೇವೆಯ ನಂತರ ಅವರಲ್ಲಿ ಕೆಲವರಿಗೆ ಮಾತ್ರ ದೀಕ್ಷೆ ದೊರೆಯುತ್ತಿತ್ತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯನು 1844ರಲ್ಲಿ ಹರ್ಮನ್ ಎಂಬ ಹೆಸರಿನೊಂದಿಗೆ ದೀಕ್ಷಾಸ್ನಾನ ಪಡೆದು, ಬೇಸಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆಯೊಂದಿಗೆ ಮರಳಿದ್ದು ಅಪವಾದ. ಉಳಿದವರ ಪಾಲಿಗೆ ಉಪದೇಶಿಯ ಪಟ್ಟವೇ ಜೀವನದ ಕೊನೆಯ ಮೆಟ್ಟಿಲಾಗಿತ್ತು. ಅವರಿಗೆ ಸಂಬಳ ಕೊಡುತ್ತಿದ್ದುದು ಮಿಷನ್. ಕರ್ತನ ಭೋಜನದ ಸಂಸ್ಕಾರ ನಡೆಸುವ ಅಧಿಕಾರ ಅವರಿಗಿರಲಿಲ್ಲ. ಊರವರ ಕಣ್ಣಿಗೆ ಅವರೇ ಪಾದ್ರಿಗಳು. ಶ್ರೀಸಾಮಾನ್ಯನೂ ಅಲ್ಲದ, ದೀಕ್ಷಿತನೂ ಅಲ್ಲದ ಈ ನಡುವಣ ಸ್ಥಾನ ಮುಂದಿನ ಒಂದು ಶತಮಾನದ ಗೊಂದಲಕ್ಕೆ ಮೂಲವಾಯಿತು: ಸಂಬಳದ ಉಪದೇಶಿ ಇರುವ ಕಡೆ ಉಳಿದ ವಿಶ್ವಾಸಿಗಳು ಕೇಳುಗರಾಗಿಯೇ ಉಳಿದರು.

ಸಂಬಳವಿಲ್ಲದ ಸೇವೆಗೆ ತರಬೇತಿ ದೊರೆತದ್ದು ಬೇರೆ ಎಡೆಗಳಲ್ಲಿ. ದಕ್ಷಿಣ ಕನ್ನಡದಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರೇ ಹೆಚ್ಚಿನವರು. ಕಳ್ಳು ಇಳಿಸುವ ಕುಲಕಸುಬನ್ನೂ ತಮ್ಮವರ ಆಸರೆಯನ್ನೂ ಬಿಟ್ಟು ಬಂದ ಇವರಿಗಾಗಿ ಮಿಷನ್ ನೇಯ್ಗೆಯ ಮಗ್ಗಗಳನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಒಂದೇ ಕಡೆ ದುಡಿಯುವ, ಒಂದೇ ಕೇರಿಯಲ್ಲಿ ನೆಲಸಿದ ಈ ಕುಟುಂಬಗಳಲ್ಲಿ ಪ್ರಾರ್ಥನೆ ನಡೆಸುವುದು, ಕೀರ್ತನೆ ಎತ್ತಿಕೊಡುವುದು, ಅಕ್ಷರ ಬಲ್ಲವನು ಬಾರದವರಿಗೆ ಓದಿ ಹೇಳುವುದು ಕೆಲಸಗಾರರದೇ ಜವಾಬ್ದಾರಿಯಾಯಿತು. ಸಭೆಯ ಶಿಸ್ತಿಗೂ ದಾನಧರ್ಮದ ಲೆಕ್ಕಕ್ಕೂ ಸಭಾ ಹಿರಿಯರಿದ್ದರು. ಹೆಂಗಸರ ನಡುವೆ ಸತ್ಯವೇದ ಓದಿ ಹೇಳಲು ಬೈಬಲ್ ಸ್ತ್ರೀಯರೆಂದು ಕರೆಯಲ್ಪಟ್ಟವರು ಮನೆಮನೆಗೆ ಹೋಗುತ್ತಿದ್ದರು. ಗಂಡಸರಿಗೆ ಪ್ರವೇಶವಿಲ್ಲದ ಒಳಮನೆಯಲ್ಲಿ ಅವರ ಮಾತಿಗೆ ಬೆಲೆಯಿದ್ದರೂ ಸಭೆಯ ದಾಖಲೆಗಳಲ್ಲಿ ಅವರ ಹೆಸರುಗಳು ವಿರಳ.

ಗಾಯನದ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ಜರ್ಮನ್ ಕೋರಾಲ್‌ಗಳ, ಎಂದರೆ ಸಭೆಯೆಲ್ಲ ಕೂಡಿ ಹಾಡುವ ಸ್ತುತಿಗೀತೆಗಳ, ಧಾಟಿಗೆ ಕನ್ನಡ ಮತ್ತು ತುಳು ಮಾತುಗಳನ್ನು ಹೊಂದಿಸಿದಾಗ ದೀರ್ಘ–ಹ್ರಸ್ವಗಳ ಲಯ ಕೆಡುತ್ತಿತ್ತು. ಹಾಗಿದ್ದರೂ ನಾಲ್ಕು ಸ್ವರಗಳ ಮೇಳಗಾಯನವನ್ನು ಕಲಿತ ಬಲ್ಮಠದ ಸಭೆ ಅದನ್ನು ತನ್ನದಾಗಿಸಿಕೊಂಡಿತು. ಇದಕ್ಕೆ ಎದುರುದಿಕ್ಕಿನ ಪ್ರಯತ್ನ ಫರ್ಡಿನಂಡ್ ಕಿಟ್ಟೆಲನದು. ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಅವನ ‘ಕಥಾಮಾಲೆ’ 1862ರಲ್ಲಿ ಪ್ರಕಟವಾಯಿತು. ನಿಘಂಟುಕಾರನಾಗಿ ಕೀರ್ತಿ ಪಡೆದ ಕಿಟ್ಟೆಲನ ಈ ಕೃತಿಯಲ್ಲಿನ ಸೂಚನೆಯನ್ನು ಆರಾಧನೆ ಪೂರ್ಣವಾಗಿ ಎತ್ತಿಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ.

ಮೊದಲ ಮಹಾಯುದ್ಧ ಈ ವ್ಯವಸ್ಥೆಯನ್ನು ಅಲುಗಾಡಿಸಿತು. 1914ರ ನಂತರ ಜರ್ಮನ್ ಮಿಷನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಸಭೆಗಳನ್ನು ನಡೆಸುವ ಹೊರೆ ದೇಶೀಯ ಸಭಾಪಾಲಕರ, ಉಪದೇಶಿಗಳ ಮತ್ತು ಹಿರಿಯರ ಹೆಗಲಿಗೆ ಬಿದ್ದಿತು. ಸ್ವಾವಲಂಬನೆಯ ಬಗ್ಗೆ ದಶಕಗಳಿಂದ ನಡೆದಿದ್ದ ಮಾತು ಆಗ ಅನಿವಾರ್ಯ ಅಗತ್ಯವಾಯಿತು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಿತು. ಬೇಸಲ್ ಮಿಷನ್ನಿನ ಸಭೆಗಳು ಒಂದೇ ಸಲಕ್ಕಲ್ಲದೆ ಹಂತಹಂತವಾಗಿ ಅದರೊಳಗೆ ಬಂದವು. ಸಿಎಸ್‌ಐ ಸಂವಿಧಾನ ಶ್ರೀಸಾಮಾನ್ಯರ ಸೇವೆಯನ್ನು ಸಭೆಯ ಸೇವಾವ್ಯವಸ್ಥೆಯ ಅಂಗವೆಂದೇ ಒಪ್ಪುತ್ತದೆ. 1950ರಲ್ಲಿ ಸಿದ್ಧವಾದ ಅದರ ಆರಾಧನಾಕ್ರಮವು ಶಾಸ್ತ್ರಪಾಠಗಳ ವಾಚನ, ಸಭೆಯ ಪ್ರತಿವಚನ, ಕೈಯಿಂದ ಕೈಗೆ ಸಮಾಧಾನದ ವಂದನೆ, ಕಾಣಿಕೆಯ ಮೆರವಣಿಗೆ ಮುಂತಾದ ಅಂಶಗಳಿಂದ ಕೂಡಿ, ಓದುಗರನ್ನೂ ಮುಂದಾಳುಗಳನ್ನೂ ತಾನಾಗಿ ಬೇಡುವಂತಿತ್ತು. ಮಂಗಳೂರು 1970ರಲ್ಲಿ ರಚಿತವಾದ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಕೇಂದ್ರವಾಯಿತು.

ಈ ನಡುವೆ, 1965ರಲ್ಲಿ, ಬಲ್ಮಠದ ಸೆಮಿನರಿಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಒಂದುಗೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಉದಯಿಸಿತು. ದೇವಶಾಸ್ತ್ರದ ಪದವಿ ನೀಡುವ ಸೆರಾಂಪುರ ಸೆನೆಟ್ಟಿಗೆ ಸೇರಿಕೊಂಡಂತೆ ಕಾಲೇಜಿನ ಮಟ್ಟ ಏರಿತು. ಅದರೊಂದಿಗೆ ಹಳೆಯ ಉಪದೇಶಿ ಮರೆಯಾಗುತ್ತ ಬಂದು ಪದವೀಧರ ಸಭಾಪಾಲಕನು ಮುನ್ನೆಲೆಗೆ ಬಂದನು. ಹೀಗೆ ತೆರವಾದ ಜಾಗವನ್ನು ತುಂಬಲು ಶ್ರೀಸಾಮಾನ್ಯರಿಗೆ ಹೊಸದಾಗಿ ತರಬೇತಿ ಯೋಚಿಸಬೇಕಾಯಿತು. ಮನೆಯಲ್ಲಿಯೇ ಪಾಠ ಓದಿ ವಾರಕ್ಕೊಮ್ಮೆ ಗುಂಪಿನಲ್ಲಿ ಚರ್ಚಿಸುವ ವಿಸ್ತರಣಾ ಶಿಕ್ಷಣ ಪದ್ಧತಿ 1963ರಲ್ಲಿ ಗ್ವಾಟೆಮಾಲಾದಲ್ಲಿ ಹುಟ್ಟಿ, 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಟಾಫ್ಟೀ ಸಂಸ್ಥೆಯ ಮೂಲಕ ಭಾರತದಲ್ಲಿ ಬೇರೂರಿತು. ಸೆರಾಂಪುರವೂ ಉದ್ಯೋಗದಲ್ಲಿರುವ ಶ್ರೀಸಾಮಾನ್ಯರಿಗೆಂದು ಕ್ರೈಸ್ತ ಅಧ್ಯಯನದ ಬಾಹ್ಯ ಪದವಿಯನ್ನು ತೆರೆಯಿತು. ಬ್ಯಾಂಕಿನವರೂ ಶಾಲಾ ಶಿಕ್ಷಕರೂ ದಾದಿಯರೂ ಕೆಲಸ ಬಿಡದೆಯೇ ದೇವಶಾಸ್ತ್ರ ಓದುವುದು ಇದರಿಂದ ಸಾಧ್ಯವಾಯಿತು.

ಕಥೋಲಿಕರಲ್ಲಿ ತಿರುವು ತಂದದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ. ಲ್ಯಾಟಿನ್ನಿನ ಬದಲು ಕೊಂಕಣಿ ಮತ್ತು ಕನ್ನಡಗಳಲ್ಲಿ ಪೂಜೆ ನಡೆಯತೊಡಗಿದಾಗ ವಾಚನಕ್ಕೂ ಗಾಯನಕ್ಕೂ ಜನರೇ ಮುಂದೆ ಬರಬೇಕಾಯಿತು. 1972ರ ಪೋಪ್ ಆದೇಶ ವಾಚಕ ಮತ್ತು ಪೀಠಸೇವಕ ಹುದ್ದೆಗಳನ್ನು ಶ್ರೀಸಾಮಾನ್ಯ ಪುರುಷರಿಗೆ ತೆರೆಯಿತು. 1973ರ ಇನ್ನೊಂದು ಆದೇಶ ಅಗತ್ಯವಿದ್ದಲ್ಲಿ ಗೃಹಸ್ಥರೂ ಪರಮಪ್ರಸಾದ ವಿತರಿಸಲು ಅನುಮತಿಯಿತ್ತಿತು. 1983ರ ಚರ್ಚ್ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿ, ಪಾಲನಾ ಪರಿಷತ್ತನ್ನು ಬಿಷಪರ ನಿರ್ಣಯಕ್ಕೆ ಬಿಟ್ಟಿತು. ಮಂಗಳೂರು ಧರ್ಮಪ್ರಾಂತದಲ್ಲಿ ಹಳೆಯ ಗುರ್ಕಾರ ಈ ಪರಿಷತ್ತಿನೊಳಗೆ ವಾಡೊದ ಪ್ರತಿನಿಧಿಯಾಗಿ ಮುಂದುವರಿದನು. ಮನೆತನದ ಹಿರಿಮೆಗೆ ಬದಲಾಗಿ ಆಯ್ಕೆ ಬಂದುದರಿಂದ ಹೆಂಗಸರೂ ಆ ಸ್ಥಾನಕ್ಕೆ ಬರುವಂತಾಯಿತು. ಇಂಥ ಮುಂದಾಳುಗಳಿಗೂ ಧರ್ಮೋಪದೇಶದ ಶಿಕ್ಷಕರಿಗೂ ಬಜ್ಜೋಡಿಯ ಶಾಂತಿ ಕಿರಣ ಪಾಲನಾ ಕೇಂದ್ರ ತರಬೇತಿಯ ತಾಣವಾಗಿದೆ. ವಾಚಕ ಮತ್ತು ಪೀಠಸೇವಕ ಹುದ್ದೆಗಳನ್ನು ಸ್ತ್ರೀಯರಿಗೂ ವಿಧಿವತ್ತಾಗಿ ತೆರೆದ ಪೋಪ್ ಫ್ರಾನ್ಸಿಸರ ಆದೇಶ 2021ರ ಜನವರಿಯಲ್ಲಿ ಹೊರಟಿತು, ಧರ್ಮೋಪದೇಶಕರ ಸೇವೆಯನ್ನು ಶಾಶ್ವತ ಸೇವಾಸ್ಥಾನವಾಗಿ ಸ್ಥಾಪಿಸಿದ ಆದೇಶ ಅದೇ ವರ್ಷದ ಮೇ ತಿಂಗಳಲ್ಲಿ. ಮಂಗಳೂರಿನ ಇಗರ್ಜಿಗಳಲ್ಲಿಯಾದರೋ ಭಾನುವಾರದ ವಾಚನವನ್ನು ಹೆಂಗಸರು ಅದಕ್ಕೂ ಬಹಳ ಮೊದಲಿನಿಂದ ಓದುತ್ತಿದ್ದರು.